ಔಷಧಿ ಹೊಡೆದ ಮೇಲೆ ಎಲೆ ಕೆಟ್ಟರೆ: ರೋಗವೇ, ಔಷಧಿಯ ಪೆಟ್ಟೇ?

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಮನೆಯ ಹಿತ್ತಲೆಂದರೆ ಹತ್ತು ಬುಡ ಮೆಣಸಿನ ಗಿಡ, ನಾಲ್ಕು ಬದನೆ, ಚಪ್ಪರಕ್ಕೆ ಹಬ್ಬಿದ ಹೀರೆ ಇಲ್ಲವೇ ಸೌತೆ, ಬೇಲಿಗೆ ಬಸಳೆ, ಅಂಗಳದಂಚಿನಲ್ಲಿ ದಾಸವಾಳ. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವಾಗ ಅಳತೆ, ಕಾಲ, ಕೂಲಿ ಎಲ್ಲವನ್ನೂ ಲೆಕ್ಕ ಹಾಕುವ ಮನೆಯವರೇ ಹಿತ್ತಲಿನ ಗಿಡಕ್ಕೆ ಬಂದಾಗ ಆ ಲೆಕ್ಕವನ್ನು ಮರೆಯುತ್ತಾರೆ. ತೋಟಕ್ಕೆಂದು ತಂದು ಉಳಿದ ಔಷಧಿಯನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ಹೊಡೆದುಬಿಡುತ್ತಾರೆ. ಆದರೆ ಬೆಳಗ್ಗೆ ಕಿತ್ತು ಮಧ್ಯಾಹ್ನದ ಸಾರಿಗೆ ಹಾಕುವ ಬೆಳೆ ಈ ಹಿತ್ತಲಿನದೇ. ಮಕ್ಕಳು ಮುಟ್ಟುವ, ಆಡುವ ಗಿಡಗಳೂ ಇವೇ. ಆದುದರಿಂದ ಇಂದಿನ ಮಾತು ಹಿತ್ತಲಿನ ಗಿಡಕ್ಕೆ ಮೀಸಲು.

ಹುಳಕ್ಕೆಂದು ಔಷಧಿ ಹೊಡೆದು ಎರಡು ಮೂರು ದಿನಗಳಲ್ಲಿ ಎಲೆ ಹಳದಿಯಾಗುತ್ತದೆ, ಅಂಚು ಕಂದುತ್ತದೆ, ಚುಕ್ಕಿ ಬೀಳುತ್ತದೆ, ಮುರುಟುತ್ತದೆ. ಆಗ ಸಾಮಾನ್ಯವಾಗಿ ನಡೆಯುವುದೇನು? ಆ ಎಲೆಯನ್ನು ಕಿತ್ತು ಪೇಟೆಯ ಅಂಗಡಿಗೆ ಒಯ್ಯುತ್ತಾರೆ. ಅಂಗಡಿಯವರು ಎಲೆ ನೋಡಿ ಇನ್ನೊಂದು ಔಷಧಿ ಕೊಡುತ್ತಾರೆ. ಅದೂ ಆದ ಮೇಲೆ ಎಲೆ ಮತ್ತಷ್ಟು ಕೆಟ್ಟರೆ ಮೂರನೆಯದು ಬರುತ್ತದೆ. ಮೊದಲನೆಯ ಸಿಂಪರಣೆಗೂ ಎರಡನೆಯದಕ್ಕೂ ನಡುವೆ ಗಿಡವನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ಹಾಗೆ ನೋಡುವ ಕ್ರಮವನ್ನು ತಿಳಿಸುವುದೇ ಈ ಉಪನ್ಯಾಸದ ಉದ್ದೇಶ.

ಎಲೆಗೆ ಮರಳಿ ವಾಸಿಯಾಗುವ ಗುಣವಿಲ್ಲ

ಮನುಷ್ಯನ ಚರ್ಮಕ್ಕೆ ಗಾಯವಾದರೆ ಕೆಲವು ದಿನಗಳಲ್ಲಿ ಹೊಸ ಚರ್ಮ ಬೆಳೆದು ಗಾಯ ಮಾಯುತ್ತದೆ. ಎಲೆಯ ವಿಷಯ ಹಾಗಲ್ಲ. ಪೂರ್ಣವಾಗಿ ಬಲಿತ ಎಲೆಯಲ್ಲಿ ಸತ್ತ ಭಾಗ ಸತ್ತೇ ಇರುತ್ತದೆ. ಥ್ರಿಪ್ಸ್ ಹೀರಿ ಮುರುಟಿಸಿದ ಮೆಣಸಿನ ಎಲೆ, ಔಷಧಿ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮತ್ತೆ ಅಗಲವಾಗಿ ಬಿಚ್ಚಿಕೊಳ್ಳುವುದಿಲ್ಲ. ಶಿಲೀಂಧ್ರದಿಂದ ಬಿದ್ದ ಕಂದು ಚುಕ್ಕಿ ಮತ್ತೆ ಹಸಿರಾಗುವುದಿಲ್ಲ.

ಇದು ಸಣ್ಣ ಸಂಗತಿಯೆಂದು ಕಂಡರೂ ಅನಗತ್ಯ ಸಿಂಪರಣೆಗಳ ಒಂದು ದೊಡ್ಡ ಪಾಲು ಇದನ್ನು ಗಮನಿಸದೆ ನಡೆಯುವಂಥದು. ಹುಳ ಸತ್ತಿರುತ್ತದೆ, ಹಳೆಯ ಗಾಯ ಉಳಿದಿರುತ್ತದೆ. ಗಾಯವನ್ನು ಕಂಡವರು ಹುಳ ಇನ್ನೂ ಇದೆಯೆಂದು ಭಾವಿಸುತ್ತಾರೆ. ಅಡಿಕೆಯ ಎಲೆಚುಕ್ಕಿ ರೋಗ ಇತ್ತೀಚಿನ ವರ್ಷಗಳಲ್ಲಿ ಮಲೆನಾಡಿನ ಹಲವು ತಾಲ್ಲೂಕುಗಳಿಗೆ ಹಬ್ಬಿದಾಗಲೂ ಇದೇ ಗೊಂದಲ ಕಂಡುಬಂದಿದೆ. ಸಿಂಪರಣೆಯ ನಂತರವೂ ಹಳೆಯ ಸೋಗೆಯ ಮೇಲೆ ಚುಕ್ಕಿ ಹಾಗೆಯೇ ಇದೆಯೆಂದು ಬೆಳೆಗಾರರು ಕಂಗೆಡುತ್ತಾರೆ. ನೋಡಬೇಕಾದುದು ಹಳೆಯ ಸೋಗೆಯನ್ನಲ್ಲ. ಆಮೇಲೆ ಬಿಚ್ಚಿಕೊಂಡ ಸೋಗೆಗೆ ಚುಕ್ಕಿ ಬಂದಿದೆಯೇ ಎಂಬುದನ್ನು.

ಆದುದರಿಂದ ಮೊದಲ ಸೂತ್ರ ಇಷ್ಟು: ಚಿಕಿತ್ಸೆಯ ಫಲವನ್ನು ಹೊಸ ಎಲೆಯಲ್ಲಿ ಓದಬೇಕು. ಸಿಂಪರಣೆಯ ದಿನ ಗಿಡದ ತುದಿಯ ಎಲೆಯ ಕೆಳಗೆ ಒಂದು ನೂಲು ಕಟ್ಟಿಟ್ಟರೆ ಸಾಕು. ವಾರ ಹತ್ತು ದಿನ ಕಳೆದ ಮೇಲೆ ನೂಲಿನಿಂದ ಮೇಲೆ ಬಂದ ಎಲೆಗಳು ಶುದ್ಧವಾಗಿದ್ದರೆ ಗಿಡ ಚೇತರಿಸಿದೆ ಎಂದೇ ಅರ್ಥ. ಕೆಳಗಿನ ಎಲೆಗಳು ಎಷ್ಟೇ ಅಂದಗೆಟ್ಟಿರಲಿ, ಇನ್ನೊಂದು ಔಷಧಿಯ ಅಗತ್ಯವಿಲ್ಲ.

ಔಷಧಿಯ ಪೆಟ್ಟನ್ನು ಗುರುತಿಸುವ ಬಗೆ

ಔಷಧಿಯಿಂದಲೇ ಎಲೆ ಸುಟ್ಟಿದೆಯೋ, ರೋಗ ಬಂದಿದೆಯೋ ಎಂದು ತಿಳಿಯಲು ಯಂತ್ರವಾಗಲಿ ಪ್ರಯೋಗಶಾಲೆಯಾಗಲಿ ಮೊದಲಿಗೆ ಬೇಕಿಲ್ಲ. ನಾಲ್ಕು ಪ್ರಶ್ನೆಗಳು ಸಾಕು.

ಮೊದಲನೆಯದು, ಯಾವಾಗ? ಔಷಧಿಯ ಸುಡುಗಾಯ ಸಾಮಾನ್ಯವಾಗಿ ಒಂದರಿಂದ ಮೂರು ನಾಲ್ಕು ದಿನಗಳೊಳಗೆ, ಎಲ್ಲ ಕಡೆಯೂ ಏಕಕಾಲಕ್ಕೆ ಕಾಣಿಸುತ್ತದೆ. ರೋಗ ಒಂದೆರಡು ಎಲೆಗಳಲ್ಲಿ ತೊಡಗಿ ದಿನದಿಂದ ದಿನಕ್ಕೆ ಹರಡುತ್ತದೆ.

ಎರಡನೆಯದು, ಎಲ್ಲಿ? ಪಂಪಿನ ಹನಿ ಬಿದ್ದ ಕಡೆಯೇ ಸುಟ್ಟಿರುತ್ತದೆ. ಸಿಂಪಡಿಸಿದವರು ನಿಂತ ಬದಿ ಹೆಚ್ಚು, ಹಿಂಬದಿ ಕಡಿಮೆ. ಮೇಲಿನ ಎಲೆಯ ಮರೆಯಲ್ಲಿದ್ದ ಎಲೆಯ ಭಾಗ ಹಸಿರಾಗಿಯೇ ಉಳಿದಿರುತ್ತದೆ. ದ್ರಾವಣ ಇಳಿದು ನಿಲ್ಲುವ ಎಲೆಯ ತುದಿ ಮತ್ತು ಅಂಚುಗಳಲ್ಲಿ ಕಂದು ಪಟ್ಟಿ ಬಿದ್ದಿರುತ್ತದೆ. ರೋಗಾಣುವಿಗೆ ಇಂಥ ಬದಿಯ ಭೇದವಿಲ್ಲ.

ಮೂರನೆಯದು, ಯಾರ್ಯಾರಿಗೆ? ಇದು ಬಹಳ ಉಪಯುಕ್ತವಾದ ಪರೀಕ್ಷೆ. ಹೆಚ್ಚಿನ ರೋಗಾಣುಗಳು ತಮಗೆ ಹೊಂದುವ ಕೆಲವೇ ಜಾತಿಯ ಗಿಡಗಳಿಗೆ ಅಂಟಿಕೊಳ್ಳುತ್ತವೆ. ಮೆಣಸಿನ ಗಿಡದ ಮೇಲಿನ ಚುಕ್ಕಿಯೇ ಪಕ್ಕದ ಅಲಸಂದೆಯ ಮೇಲೂ, ಬುಡದಲ್ಲಿ ತಾನಾಗಿ ಹುಟ್ಟಿದ ಕಳೆಯ ಮೇಲೂ ಒಂದೇ ದಿನ ಬಿದ್ದಿದ್ದರೆ ಅದು ರೋಗವಾಗಿರುವ ಸಂಭವ ತೀರ ಕಡಿಮೆ. ಹಿತ್ತಲಿನ ಕಳೆ ಇಲ್ಲಿ ಸಾಕ್ಷಿ ಹೇಳುತ್ತದೆ.

ನಾಲ್ಕನೆಯದು, ಮುಂದುವರಿಯುತ್ತಿದೆಯೇ? ಸುಟ್ಟ ಗಾಯ ಒಣಗಿ ಅಷ್ಟಕ್ಕೇ ನಿಲ್ಲುತ್ತದೆ; ನಂತರ ಬರುವ ಚಿಗುರು ಶುದ್ಧವಾಗಿರುತ್ತದೆ. ರೋಗದ ಚುಕ್ಕಿ ದೊಡ್ಡದಾಗುತ್ತದೆ. ಹಲವು ವೇಳೆ ಸುತ್ತ ಹಳದಿ ಬಳೆ ಕಟ್ಟುತ್ತದೆ. ಸಂಶಯವಿದ್ದರೆ ಒಂದು ಎಲೆಯ ಚುಕ್ಕಿಯ ಸುತ್ತ ಪೆನ್ನಿನಿಂದ ಗೆರೆ ಎಳೆದು ನಾಲ್ಕು ದಿನ ಕಾಯಬೇಕು. ಚುಕ್ಕಿ ಗೆರೆಯನ್ನು ದಾಟಿದರೆ ಜೀವವಿರುವ ಏನೋ ಒಂದು ಅದನ್ನು ಬೆಳೆಸುತ್ತಿದೆ. ದಾಟದಿದ್ದರೆ ಗಾಯ ನಿಂತಿದೆ.

ಯಾವುದು ಹೇಗೆ ಸುಡುತ್ತದೆ

'ಮನೆಯಲ್ಲೇ ಮಾಡಿದ್ದು, ಸಾವಯವ, ಇದರಿಂದ ಏನೂ ಆಗುವುದಿಲ್ಲ' ಎಂಬ ಮಾತು ಹಳ್ಳಿಗಳಲ್ಲಿ ಪ್ರಚಾರದಲ್ಲಿದೆ. ಗಿಡದ ಎಲೆಗೆ ಸಾವಯವ, ರಾಸಾಯನಿಕ ಎಂಬ ಭೇದ ತಿಳಿಯದು. ಅದಕ್ಕೆ ತಿಳಿಯುವುದು ಸಾಂದ್ರತೆ, ಉಪ್ಪು, ಎಣ್ಣೆ, ಆಮ್ಲ ಮತ್ತು ಬಿಸಿಲು ಮಾತ್ರ.

ಬೇವಿನೆಣ್ಣೆಯನ್ನು ಲೀಟರು ನೀರಿಗೆ 5 ಮಿಲಿಗಿಂತ ಹೆಚ್ಚು ಹಾಕುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಎಣ್ಣೆ ನೀರಿನಲ್ಲಿ ತಾನಾಗಿ ಬೆರೆಯುವುದಿಲ್ಲ. ಸಾಬೂನಿನ ದ್ರಾವಣ ಅಥವಾ ಅಂಟುವಾಳದ ನೊರೆಯಲ್ಲಿ ಮೊದಲು ಚೆನ್ನಾಗಿ ಕದಡಿ ಹಾಲಿನಂತಾದ ಮೇಲೆ ನೀರಿಗೆ ಹಾಕಬೇಕು. ಹಾಗೆ ಮಾಡದಿದ್ದರೆ ಎಣ್ಣೆ ಮೇಲೆ ತೇಲಿ, ಪಂಪಿನಲ್ಲಿ ಮೊದಲು ನೀರು, ಕೊನೆಗೆ ಬರಿಯ ಎಣ್ಣೆ ಬರುತ್ತದೆ. ಕೊನೆಯಲ್ಲಿ ಸಿಂಪಡಿಸಿದ ಎರಡು ಮೂರು ಗಿಡಗಳು ಮಾತ್ರ ಸುಟ್ಟಿದ್ದರೆ ಕಾರಣ ಇದೇ. ಎಲೆಯ ಉಸಿರಾಟದ ರಂಧ್ರಗಳನ್ನು ಎಣ್ಣೆ ಮುಚ್ಚುತ್ತದೆ. ಎಣ್ಣೆಯ ಪೆಟ್ಟು ಬಿದ್ದ ಎಲೆ ಮೊದಲು ನೀರಿನಲ್ಲಿ ನೆನೆದಂತೆ ಕಪ್ಪುಹಸಿರಾಗಿ, ಆಮೇಲೆ ಹಳದಿಯಾಗಿ ಉದುರುತ್ತದೆ.

ಸಾಬೂನು ಹೇನಿನಂಥ ಮೃದು ಮೈಯ ಕೀಟಗಳನ್ನು ಕೊಲ್ಲುತ್ತದೆ ನಿಜ; ಎಲೆಯ ಮೇಲಿನ ಮೇಣದ ಪದರವನ್ನೂ ಅದು ಕರಗಿಸಬಲ್ಲದು. ಬಟ್ಟೆ ತೊಳೆಯುವ ಡಿಟರ್ಜೆಂಟ್ ಪುಡಿಯಂತೂ ಸಾಬೂನೇ ಅಲ್ಲ. ಅದರಲ್ಲಿರುವ ಕ್ಷಾರ ಮತ್ತು ಲವಣಗಳು ಎಲೆಯಂಚನ್ನು ಸುಡುತ್ತವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೇವಿನ ಸಾಬೂನು ಮತ್ತು ಹೊಂಗೆ ಸಾಬೂನುಗಳನ್ನು ತರಕಾರಿ ಬೆಳೆಗಳಿಗೆಂದೇ ರೂಪಿಸಿದೆ. ಅಂಥದ್ದು ದೊರೆತರೆ ಪುಡಿಗಳ ಗೊಡವೆಗೆ ಹೋಗಬೇಕಿಲ್ಲ.

ಗೋಮೂತ್ರವನ್ನು ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ತೆಳ್ಳಗೆ ಮಾಡದೆ ಹೊಡೆದರೆ ಅದರ ಲವಣ ಮತ್ತು ಅಮೋನಿಯಾ ಚಿಗುರನ್ನು ಸುಡುತ್ತವೆ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಸಿಂಪಡಿಸುವವರಿಗೇ ವಿಷ. ಚರ್ಮದ ಮೂಲಕವೂ ಅದು ದೇಹವನ್ನು ಸೇರುತ್ತದೆ. ಮೆಣಸು, ಟೊಮೆಟೊ, ಬದನೆ ಇವೆಲ್ಲ ಹೊಗೆಸೊಪ್ಪಿನ ಕುಟುಂಬದವೇ ಆದುದರಿಂದ ಹೊಗೆಸೊಪ್ಪು ಮುಟ್ಟಿದ ಕೈಯಿಂದ ಮೊಸಾಯಿಕ್ ನಂಜುರೋಗ ಈ ಗಿಡಗಳಿಗೆ ದಾಟುವ ಸಂಭವವೂ ಉಂಟು.

ಬೋರ್ಡೋ ದ್ರಾವಣ ಮಲೆನಾಡಿಗೆ ಹೊಸದಲ್ಲ. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ ಇದರ ಗುಣವನ್ನು ಗಮನಿಸಿದ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಪಡಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, ಈ ದ್ರಾವಣದಿಂದ ಅದನ್ನು ತಡೆಯುವ ಬಗೆಯನ್ನು ಇಲ್ಲಿನ ತೋಟಗಳಿಗೆ ಪರಿಚಯಿಸಿದರು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಈ ಲೆಕ್ಕ ಅಡಿಕೆ ಬೆಳೆಗಾರರಿಗೆ ಬಾಯಿಪಾಠ. ಆದರೆ ಸುಣ್ಣ ಹಳೆಯದಾಗಿ ಗಾಳಿಗೆ ಸತ್ತುಹೋಗಿದ್ದರೆ ತೂಕ ಸರಿಯಿದ್ದರೂ ಬಲ ಸಾಲದು. ಬಿಡಿಯಾಗಿ ಉಳಿದ ತಾಮ್ರ ಎಲೆಯನ್ನು ಸುಡುತ್ತದೆ. ಹೊಳಪಾದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಅಡಿಕೆ ಗೊನೆ ತಡೆದುಕೊಳ್ಳುವ ತಾಮ್ರವನ್ನು ಸೌತೆ, ಹೀರೆ, ಕುಂಬಳದ ಎಳೆಯ ಎಲೆ ತಡೆದುಕೊಳ್ಳದು. ಮೋಡ ಮುಚ್ಚಿ, ಹೊಡೆದ ದ್ರಾವಣ ಬೇಗ ಒಣಗದ ದಿನಗಳಲ್ಲಿ ತಾಮ್ರದ ಸುಡುವಿಕೆ ಹೆಚ್ಚು. ತೋಟದಲ್ಲಿ ಉಳಿದ ಬೋರ್ಡೋವನ್ನು ಹಿತ್ತಲಿನ ಬಳ್ಳಿಗಳಿಗೆ ಹೊಡೆದು ಮುಗಿಸುವ ಪದ್ಧತಿ ಆದಕಾರಣ ಒಳ್ಳೆಯದಲ್ಲ.

ಗಂಧಕದ ಸ್ವಭಾವ ಇದಕ್ಕೆ ವಿರುದ್ಧ. ಬಿಸಿ ಏರಿದಷ್ಟೂ ಅದು ಸುಡುತ್ತದೆ. ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ಮೀರುವ ದಿನಗಳಲ್ಲಿ ಬಳಸಲೇಬಾರದು. ಎಣ್ಣೆ ಹೊಡೆದು ಎರಡು ವಾರ ಕಳೆಯುವ ಮುನ್ನ ಗಂಧಕ ಹೊಡೆದರೆ, ಬೇರೆ ಬೇರೆಯಾಗಿ ನಿರುಪದ್ರವಿಯಾದ ಎರಡೂ ಒಟ್ಟಾಗಿ ಎಲೆಯನ್ನು ಸುಡುತ್ತವೆ. ಎರಡು ಮೂರು ಔಷಧಿಗಳನ್ನು ಒಂದೇ ಕೊಡದಲ್ಲಿ ಬೆರೆಸುವ ಅಭ್ಯಾಸದ ಅಪಾಯವೂ ಇದೇ ಜಾತಿಯದು.

ಕೊನೆಯದು ಕಳೆನಾಶಕ. ಇದನ್ನು ಯಾರೂ ಬೇಕೆಂದು ತರಕಾರಿಗೆ ಹೊಡೆಯುವುದಿಲ್ಲ. ಆದರೆ ಕಳೆನಾಶಕಕ್ಕೆ ಬಳಸಿದ ಪಂಪಿನಲ್ಲೇ ಬೇವಿನೆಣ್ಣೆ ತುಂಬಿಸಿದರೆ ತಳದಲ್ಲಿ, ನಳಿಗೆಯಲ್ಲಿ ಉಳಿದ ಅಲ್ಪ ಪ್ರಮಾಣವೇ ಸಾಕು. 2,4-ಡಿ ಸೋಕಿದ ಟೊಮೆಟೊ, ಮೆಣಸು, ಬೆಂಡೆಯ ಚಿಗುರು ತಿರುಚಿ, ಎಲೆ ಬಟ್ಟಲಿನಂತೆ ಮಡಚಿ, ಕಿರಿದಾಗಿ ಪಟ್ಟಿಯಂತಾಗುತ್ತದೆ. ನೋಡಿದವರು ನಂಜುರೋಗವೆಂದೇ ಹೇಳುತ್ತಾರೆ. ಗ್ಲೈಫೊಸೇಟ್ ಸೋಕಿದರೆ ಹೊಸ ಎಲೆಯ ಬುಡ ಬಿಳಿಚಿ, ಎಲೆ ಸಣ್ಣದಾಗುತ್ತದೆ. ಸಿಂಪರಣೆಯಾದ ನಂತರ ಬಂದ ಚಿಗುರಷ್ಟೇ ಹೀಗಿದ್ದು, ಬೇರೆ ಬೇರೆ ಜಾತಿಯ ಗಿಡಗಳಲ್ಲೂ ಒಂದೇ ಬಗೆಯಾಗಿದ್ದರೆ ಪಂಪಿನ ಹಿಂದಿನ ಚರಿತ್ರೆಯನ್ನು ವಿಚಾರಿಸಬೇಕು. 'ಹೊಸ ಎಲೆ ನೋಡಿ' ಎಂಬ ಮೊದಲ ಸೂತ್ರಕ್ಕೆ ಇರುವ ಅಪವಾದವೂ ಇದೇ: ಕಳೆನಾಶಕದ ಪೆಟ್ಟು ಹೊಸ ಎಲೆಯಲ್ಲೇ ಕಾಣಿಸುತ್ತದೆ. ಕಳೆನಾಶಕಕ್ಕೆ ಪ್ರತ್ಯೇಕ ಪಂಪು ಇಲ್ಲದ ಮನೆಯವರು ಹಿತ್ತಲಿಗೆ ಕೈಯಲ್ಲಿ ಹಿಡಿಯುವ ಸಣ್ಣ ಪಂಪನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಲೇಸು.

ಎಲ್ಲವೂ ಔಷಧಿಯ ಪೆಟ್ಟಲ್ಲ

ಹಾಗೆಂದು ಸಿಂಪರಣೆಯ ನಂತರ ಕಂಡ ಪ್ರತಿಯೊಂದು ಕೇಡನ್ನೂ ಔಷಧಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೆಣಸಿನ ಗಿಡವನ್ನೇ ನೋಡಬಹುದು. ಎಲೆ ಮೇಲ್ಮುಖವಾಗಿ ದೋಣಿಯಂತೆ ಮುರುಟಿದರೆ ಥ್ರಿಪ್ಸ್. ಕೆಳಮುಖವಾಗಿ ಮಡಚಿ, ತೊಟ್ಟು ಉದ್ದವಾದರೆ ನುಸಿ. ಥ್ರಿಪ್ಸ್ ಆರು ಕಾಲಿನ ಕೀಟ. ನುಸಿ ಎಂಟು ಕಾಲಿನದು, ಜೇಡದ ಬಳಗಕ್ಕೆ ಸೇರಿದ್ದು. ಕೀಟಕ್ಕೆಂದು ತಯಾರಾದ ಹಲವು ಔಷಧಿಗಳು ಅದನ್ನು ಕೊಲ್ಲುವುದಿಲ್ಲ. ಕೊಲ್ಲುವುದು ನುಸಿಯನ್ನು ತಿಂದು ಬದುಕುವ ಪರಭಕ್ಷಕಗಳನ್ನು. ಆದಕಾರಣ ಪ್ರಬಲ ಕೀಟನಾಶಕ ಹೊಡೆದ ಎರಡು ಮೂರು ವಾರಗಳಲ್ಲಿ ನುಸಿ ಮೊದಲಿಗಿಂತ ಹೆಚ್ಚಾಗುವುದುಂಟು. ಬದನೆ, ಅಲಸಂದೆಯ ಎಲೆಯ ಮೇಲೆ ರವೆ ಚೆಲ್ಲಿದಂತೆ ಬಿಳಿ ಹಳದಿ ಚುಕ್ಕಿ, ಕೆಳಗೆ ನವಿರಾದ ಬಲೆ ಕಂಡರೆ ಅದೂ ನುಸಿಯೇ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದರೆ ಚಲಿಸುವ ಕಣಗಳು ಬೀಳುತ್ತವೆ. ಹತ್ತು ರೂಪಾಯಿಯ ಭೂತಗನ್ನಡಿ ಇಲ್ಲಿ ಸಾವಿರ ರೂಪಾಯಿಯ ಔಷಧಿಯನ್ನು ಉಳಿಸೀತು.

ಎಲೆಯಡಿ ಕಾಣುವ ಬಿಳಿಯ ಪೊರೆಗಳೆಲ್ಲ ಜೀವಂತ ಕೀಟಗಳಲ್ಲ. ಹೇನು ಬೆಳೆಯುವಾಗ ಕಳಚಿದ ಚರ್ಮ ಎಲೆಗೆ ಅಂಟಿಕೊಂಡೇ ಇರುತ್ತದೆ. ಹಾಗೆಯೇ ಎಲೆಯ ಮೇಲಿನ ಬಿಳಿ ಪುಡಿಯೆಲ್ಲ ಬೂದಿರೋಗವಲ್ಲ. ಒಣಗಿದ ಸುಣ್ಣವೂ ಗಂಧಕವೂ ಹಾಗೆಯೇ ಕಾಣುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ ಒಂದು ವಾರ ಕಾಯಬೇಕು. ರೋಗವಾದರೆ ಮತ್ತೆ ಬೆಳೆಯುತ್ತದೆ, ಸುಣ್ಣವಾದರೆ ಬೆಳೆಯುವುದಿಲ್ಲ.

ಇನ್ನು ಮಣ್ಣಿನ ಮಾತು. ಮಳೆ ಹೆಚ್ಚಿರುವ ಗುಡ್ಡದ ಮಣ್ಣು ಸಾಮಾನ್ಯವಾಗಿ ಆಮ್ಲೀಯ. ಸುಣ್ಣದ ಅಂಶ, ಮೆಗ್ನೀಸಿಯಂ, ಪೊಟ್ಯಾಷ್‌ಗಳು ಮಳೆಯಲ್ಲಿ ತೊಳೆದುಹೋಗುತ್ತವೆ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯ ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಹಳೆಯ ಎಲೆಯ ಅಂಚು ಒಣಗಿದರೆ ಪೊಟ್ಯಾಷ್ ಕೊರತೆ. ಹೊಸ ಎಲೆ ಬಿಳಿಚಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಇವು ನಿಧಾನವಾಗಿ, ಕ್ರಮವಾಗಿ, ಗಿಡದ ಎರಡೂ ಬದಿಗೆ ಸಮನಾಗಿ ಬರುತ್ತವೆ. ರಾತ್ರೋರಾತ್ರಿ ಬರುವುದಿಲ್ಲ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿದರೂ ಎಲೆ ಹಳದಿಯಾಗಿ ಬಾಡುತ್ತದೆ. ಅಂಥ ಗಿಡಕ್ಕೆ ಬೇಕಾದುದು ಬಸಿಗಾಲುವೆ, ಔಷಧಿಯಲ್ಲ.

ಪೆಟ್ಟು ಬಿದ್ದ ಮೇಲೆ

ಔಷಧಿ ಹೆಚ್ಚಾಯಿತೆಂದು ಅದೇ ದಿನ ತಿಳಿದರೆ ಶುದ್ಧ ನೀರಿನಿಂದ ಎಲೆಯ ಮೇಲೂ ಕೆಳಗೂ ತೊಳೆಯಬೇಕು. ಎಣ್ಣೆ, ಸಾಬೂನು, ಗೋಮೂತ್ರಗಳ ಹಾನಿ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ. ವಿಷದ ಕೀಟನಾಶಕವಾಗಿದ್ದರೆ ತೊಳೆಯುವವರು ಕೈಗವಸು ಧರಿಸಬೇಕು. ನೀರು ಬಾವಿಯ ಕಡೆಗೆ ಹರಿಯಬಾರದು.

ಮೂರು ದಿನ ಕಳೆದು ಎಲೆ ಸುಟ್ಟಿರುವುದು ಕಂಡರೆ ತೊಳೆದು ಪ್ರಯೋಜನವಿಲ್ಲ. ಆಗ ಮಾಡಬೇಕಾದುದು ಕಡಿಮೆ, ಮಾಡಬಾರದುದು ಹೆಚ್ಚು. ಎಲೆಯನ್ನೆಲ್ಲ ಕಿತ್ತುಹಾಕಬಾರದು, ಅರ್ಧ ಹಸಿರಾಗಿರುವ ಎಲೆಯೂ ಗಿಡಕ್ಕೆ ಆಹಾರ ಒದಗಿಸುತ್ತಿರುತ್ತದೆ. ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಬೇಕು. ಬೇಗ ಚಿಗುರಲೆಂದು ಯೂರಿಯಾ ಸುರಿಯಬಾರದು. ಬಳಲಿದ ಬೇರಿಗೆ ಅದು ಇನ್ನೊಂದು ಹೊರೆ, ಬರುವ ಮೃದು ಚಿಗುರು ಹೇನಿಗೆ ಹಬ್ಬದೂಟ. ಬುಡಕ್ಕೆ ಹದವಾದ ನೀರು, ದರಕಿನ ಹೊದಿಕೆ, ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ನೆರಳು, ಹತ್ತು ದಿನಗಳ ಸಹನೆ ಇಷ್ಟು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಕಾರಣ ತಿಳಿಯುವ ತನಕ ಎರಡನೆಯ ಔಷಧಿ ಹೊಡೆಯಬಾರದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಹಿತ್ತಲಿನ ಗಿಡದ ಮುಂದೆ ನಿಂತವರಿಗೆ ಚೆನ್ನಾಗಿ ಒಪ್ಪುತ್ತದೆ.

ಮುಂಜಾಗ್ರತೆ ಇನ್ನೂ ಸುಲಭ. ಯಾವುದೇ ಹೊಸ ದ್ರಾವಣವನ್ನು, ಮನೆಯದಾಗಲಿ ಅಂಗಡಿಯದಾಗಲಿ, ಮೊದಲು ಒಂದು ಗಿಡದ ಒಂದು ಕೊಂಬೆಗೆ ಹೊಡೆದು ಮೂರು ದಿನ ನೋಡಬೇಕು. ಬಾಡಿದ ಗಿಡಕ್ಕೆ ಹೊಡೆಯಬಾರದು; ಹಿಂದಿನ ದಿನವೇ ನೀರುಣಿಸಬೇಕು. ನಡುಹಗಲ ಬಿಸಿಲಿನಲ್ಲಿ ಹೊಡೆಯಬಾರದು. ಹನಿಯು ಮಸೂರದಂತೆ ಬಿಸಿಲನ್ನು ಕೂಡಿಸಿ ಎಲೆ ಸುಡುತ್ತದೆಂದು ಹಲವರು ನಂಬಿದ್ದಾರೆ. ನುಣುಪಾದ ಎಲೆಯ ಮಟ್ಟಿಗೆ ಅದು ನಿಜವಲ್ಲ. ನಿಜವಾದ ಕಾರಣವೆಂದರೆ ಬಿಸಿಲಿಗೆ ನೀರು ಬೇಗ ಆವಿಯಾಗಿ, ಉಳಿದ ಹನಿಯಲ್ಲಿ ಔಷಧಿ ಸಾಂದ್ರವಾಗುವುದು. ಸಂಜೆಯ ಹೊತ್ತು ಪ್ರಶಸ್ತ. ಆ ಹೊತ್ತಿಗೆ ತುಡುವೆ ಜೇನುಗಳೂ ಹೂವನ್ನು ಬಿಟ್ಟು ಗೂಡು ಸೇರಿರುತ್ತವೆ.

ಎಲೆಯಿಂದಾಚೆಗೆ

ಎಲೆ ಸುಟ್ಟಿತು, ಹತ್ತು ದಿನದಲ್ಲಿ ಚಿಗುರಿತು ಎಂದು ಇಲ್ಲಿಗೇ ಮಾತನ್ನು ನಿಲ್ಲಿಸಬಹುದಿತ್ತು. ಆದರೆ ಎಲೆಯ ಮೇಲೆ ಬಿದ್ದದ್ದು ಎಲೆಯ ಮೇಲೇ ಉಳಿಯುವುದಿಲ್ಲ. ಗುಡ್ಡದ ನಾಡಿನಲ್ಲಿ ಪ್ರತಿಯೊಂದು ಹಿತ್ತಲಿಗೂ ಒಂದು ಇಳಿಜಾರು, ಪ್ರತಿಯೊಂದು ಇಳಿಜಾರಿಗೂ ಒಂದು ಹಳ್ಳ ಇದೆ. ತಾಮ್ರ ಮಣ್ಣಿನಲ್ಲಿ ಕೊಳೆತು ಮಾಯವಾಗುವ ವಸ್ತುವಲ್ಲ; ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ನೀರು ಸೇರಿದರೆ ಮೀನಿಗೂ ಜಲಚರಗಳಿಗೂ ವಿಷ. ಪಂಪನ್ನು ಹಳ್ಳದಲ್ಲಿ ಅದ್ದಿ ತೊಳೆಯುವ ಪದ್ಧತಿ ನಿಲ್ಲಲೇಬೇಕಾಗಿದೆ.

ಬೆಳೆಯ ಎಲೆಯನ್ನು ಮಾತ್ರ ನೋಡಿ, ಉಳಿದುದನ್ನು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಗೇರಿನ ಚಿಗುರು ಮತ್ತು ಹೂವನ್ನು ಹೀರುವ ಟೀ ಸೊಳ್ಳೆಯ ಹತೋಟಿಗೆಂದು ಕಾಸರಗೋಡಿನ ಗೇರು ತೋಪುಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಲೂ ಅದೇ ನಡೆಯಿತು. ತೋಪುಗಳ ನಡುವೆ ಮನೆ, ಬಾವಿ, ಶಾಲೆಗಳಿದ್ದವು. ಆ ಊರುಗಳ ಅನೇಕ ಮನೆಗಳಲ್ಲಿ ಮಕ್ಕಳು ಅಂಗವೈಕಲ್ಯ, ನರದೌರ್ಬಲ್ಯಗಳ ಹೊರೆಯೊಂದಿಗೆ ಬದುಕಬೇಕಾಯಿತು. ಸರ್ಕಾರಗಳು ಅವರನ್ನು ಸಂತ್ರಸ್ತರೆಂದು ಗುರುತಿಸಿ ಮಾಸಾಶನ ನೀಡಬೇಕಾಯಿತು. ಊರಿನ ಜನ ವರ್ಷಗಳ ಕಾಲ ದೂರಿದ ಮೇಲೆ, 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆ ನೀಡಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳೂ ಅದನ್ನು ತ್ಯಜಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅಲ್ಲಿ ಗೇರಿನ ಎಲೆ ಹಸಿರಾಗಿಯೇ ಇತ್ತು. ಎಲೆ ಸುಡಲಿಲ್ಲವೆಂದ ಮಾತ್ರಕ್ಕೆ ಔಷಧಿ ನಿರಪಾಯವೆಂದಲ್ಲ.

ಹಿತ್ತಲಿನ ಸಣ್ಣ ಪಂಪಿಗೂ ಹೆಲಿಕಾಪ್ಟರಿಗೂ ಅಳತೆಯಲ್ಲಿ ಹೋಲಿಕೆಯಿಲ್ಲ. ನೋಡದೆ ಹೊಡೆಯುವ ಮನೋಭಾವದಲ್ಲಿ ಹೋಲಿಕೆಯಿದೆ. 1968ರ ಕೀಟನಾಶಕ ಕಾಯಿದೆಯಡಿಯ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ವಿಷದ ಮಟ್ಟವನ್ನು ತಿಳಿಸುವ ಬಣ್ಣದ ಗುರುತು ಇರಬೇಕು: ಕೆಂಪು ಅತಿ ಹೆಚ್ಚಿನದು, ಅನಂತರ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು ಮತ್ತು ಹಳದಿ ಗುರುತಿನವು ಮನೆಯ ಹಿತ್ತಲಿಗೆ ಬರಲೇಬಾರದು. ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕಾಯಿ ಕೀಳಬಹುದೆಂಬುದು ಡಬ್ಬಿಯೊಂದಿಗಿನ ಚೀಟಿಯಲ್ಲಿ ಇರುತ್ತದೆ. ಆ ಚೀಟಿಯನ್ನು ಓದದೆ ಡಬ್ಬಿಯ ಮುಚ್ಚಳ ತೆರೆಯಬಾರದು. ಚೀಟಿಯಿಲ್ಲದೆ, ಬೇರೆ ಶೀಶೆಯಲ್ಲಿ ತುಂಬಿ ಕೊಟ್ಟ ಔಷಧಿಯನ್ನು ಕೊಳ್ಳಲೇಬಾರದು. ಸಿಂಪಡಿಸಿದವರಿಗೆ ತಲೆಸುತ್ತು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಆ ಡಬ್ಬಿಯನ್ನೂ ಚೀಟಿಯನ್ನೂ ಜೊತೆಗೇ ಆಸ್ಪತ್ರೆಗೆ ಒಯ್ಯಬೇಕು.

ವಿದ್ಯಾರ್ಥಿ ಮಿತ್ರರಿಗೆ ಇಲ್ಲಿ ಒಂದು ಕೆಲಸವಿದೆ. ಪ್ರತಿ ಮನೆಯಲ್ಲಿ ಒಂದು ನೋಟುಪುಸ್ತಕವಿರಲಿ. ಹೊಡೆದ ದಿನ ಮತ್ತು ಹೊತ್ತು, ಹೊಡೆದ ವಸ್ತು, ಲೀಟರಿಗೆ ಎಷ್ಟು, ಅಂದಿನ ಬಿಸಿಲು ಮಳೆ, ಮೂರನೆಯ ದಿನ ಕಂಡದ್ದು, ಹತ್ತನೆಯ ದಿನದ ಹೊಸ ಎಲೆಯ ಸ್ಥಿತಿ — ಇಷ್ಟು ಬರೆದರೆ ಸಾಕು. ಒಂದು ಊರಿನ ಇಪ್ಪತ್ತು ಮನೆಗಳ ಇಂಥ ಪುಸ್ತಕಗಳನ್ನು ವರ್ಷದ ಕೊನೆಗೆ ಒಟ್ಟಿಗೆ ತೆರೆದು ನೋಡಿದರೆ ಯಾವ ದ್ರಾವಣ ಯಾವ ಗಿಡವನ್ನು ಸುಟ್ಟಿತು, ಯಾವುದು ಏನೂ ಮಾಡದೆಯೂ ಚೇತರಿಸಿತು ಎಂಬುದು ಆ ಊರಿನ ಮಣ್ಣಿಗೆ, ಮಳೆಗೆ ತಕ್ಕಂತೆ ತಿಳಿದುಬರುತ್ತದೆ. ಕಾರಣ ತಿಳಿಯದ ರೋಗ ಕಂಡಾಗ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಬರಿಯ ಎಲೆಯೊಂದನ್ನು ಒಯ್ಯುವ ಬದಲು ಈ ಪುಸ್ತಕವನ್ನೂ ಒಯ್ದರೆ ಅಲ್ಲಿನವರಿಗೂ ಉತ್ತರ ಹೇಳುವುದು ಸುಲಭವಾಗುತ್ತದೆ.

ಔಷಧಿ ಹೊಡೆಯುವುದೇ ತಪ್ಪೆಂದು ಈ ಮಾತಿನ ಅರ್ಥವಲ್ಲ. ಕೊಳೆರೋಗದ ಕಾಲದಲ್ಲಿ ಬೋರ್ಡೋ ಇಲ್ಲದೆ ಅಡಿಕೆಯ ಫಸಲು ಉಳಿಯದೆಂಬುದು ಈ ಸಭೆಯಲ್ಲಿರುವ ಎಲ್ಲರಿಗೂ ತಿಳಿದದ್ದು. ಆದರೆ ಯಾವುದಕ್ಕೆ ಹೊಡೆಯುತ್ತಿರುವುದೆಂದು ತಿಳಿಯದೆ ಹೊಡೆಯುವ ಔಷಧಿ ಗಿಡಕ್ಕೆ ಪೆಟ್ಟು, ಜೇಬಿಗೆ ನಷ್ಟ, ಹಳ್ಳಕ್ಕೆ ವಿಷ. ಮುಂದಿನ ಸಲ ಹಿತ್ತಲಿನ ಎಲೆ ಕೆಟ್ಟು ಕಂಡಾಗ ಪಂಪಿಗೆ ಕೈ ಹಾಕುವ ಮುನ್ನ ಎಲೆಯನ್ನು ಮಗುಚಿ ನೋಡಲಿ, ಪಕ್ಕದ ಕಳೆಯನ್ನು ನೋಡಲಿ, ಹೊಸ ಚಿಗುರಿಗಾಗಿ ಹತ್ತು ದಿನ ಕಾಯಲಿ ಎಂಬುದೇ ಪ್ರಾರ್ಥನೆ.